ಬೆಂಗಳೂರಿನ ಮೆಟ್ರೋ, ಬಸ್ಸಲ್ಲಿ ಚಿಕ್ಕ ಮಕ್ಕಳ ಜೊತೆ ಒಬ್ಬರೇ ಓಡಾಡುವವರು ಹೇಗೆ ನಿಭಾಯಿಸ್ತೀರಿ?

ಆರ್‌ಆರ್ ನಗರಕ್ಕೆ ಹೊಸಬಳು:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಈಚೆಗೆ ಬೆಂಗಳೂರಿಗೆ ಬಂದಿದ್ದೇವೆ. ಮನೆ ರಾಜರಾಜೇಶ್ವರಿ ನಗರದ ಆರ್ಚ್‌ನಿಂದ ಒಳಗೆ. ಅಕ್ಕನ ಮನೆ ಕಾಡುಗೋಡಿಯಲ್ಲಿ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಹತ್ತು ತಿಂಗಳು. ಯಜಮಾನರಿಗೆ ಶನಿವಾರವೂ ಕೆಲಸ ಇರುತ್ತದೆ. ಹಾಗಾಗಿ ಅಕ್ಕನ ಮನೆಗೆ ಇಬ್ಬರನ್ನೂ ನಾನೊಬ್ಬಳೇ ಕರ್ಕೊಂಡು ಹೋಗಬೇಕು. ಕ್ಯಾಬ್‌ನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಮಗಳು ಅತ್ತು ಅತ್ತು ಸುಸ್ತಾಗುತ್ತಾಳೆ, ದುಡ್ಡೂ ಜಾಸ್ತಿ. ಮೆಟ್ರೋದಲ್ಲಿ ಹೋಗಬಹುದಾ? ಸ್ಟ್ರೋಲರ್ ತಗೊಂಡು ಹೋಗಲಾ, ಬೇಡವಾ? ಟಿಕೆಟ್ ಹೇಗೆ? ಮಗಳಿಗೆ ಹಾಲು ಕೊಡಬೇಕಾದರೆ ಏನು ಮಾಡೋದು? ದಿನಾ ಓಡಾಡುವವರು ದಯವಿಟ್ಟು ಹೇಳಿ.

ಜಯನಗರದ ಇಬ್ಬರು ಮಕ್ಕಳ ಅಮ್ಮ:
ಖಂಡಿತ ಹೋಗಬಹುದು, ಹೆದರಬೇಡಿ. ನಿಮಗಂತೂ ದಾರಿ ಸಲೀಸು. ಇಡೀ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಒಂದೇ ರೈಲಾಗಿದೆ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ. ನೀವು ಎಲ್ಲೂ ರೈಲು ಬದಲಿಸಬೇಕಾಗಿಲ್ಲ. ಮಕ್ಕಳ ಜೊತೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ನಾನು ಹಸಿರು ಮಾರ್ಗದವಳು, ವೈಟ್‌ಫೀಲ್ಡ್ ಕಡೆ ಹೋಗಬೇಕೆಂದರೆ ಮೆಜೆಸ್ಟಿಕ್‌ನಲ್ಲಿ ಇಳಿದು ನೆಲದೊಳಗೆ ಮಹಡಿ ಬದಲಿಸಿ ಇನ್ನೊಂದು ರೈಲು ಹಿಡಿಯಬೇಕು. ಆ ಜನರ ನಡುವೆ ಮಗುವಿನ ಕೈ ಬಿಡದೆ ನಡೆಯೋದೇ ಒಂದು ಕೆಲಸ.

ಟಿಕೆಟ್ ವಿಷಯ ಮೊದಲೇ ತಿಳಿದಿರಲಿ. ಬಸ್ಸಿನಲ್ಲಿ ಲೆಕ್ಕ ವಯಸ್ಸಿನದು, ಮೆಟ್ರೋದಲ್ಲಿ ಲೆಕ್ಕ ಎತ್ತರದ್ದು. ಮೂರು ಅಡಿಗಿಂತ ಕಡಿಮೆ ಇರುವ ಮಗುವಿಗೆ ದೊಡ್ಡವರ ಜೊತೆ ಉಚಿತ. ನಿಮ್ಮ ಮಗಳಿಗೆ ಟಿಕೆಟ್ ಬೇಡ. ಮಗನನ್ನು ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ನೋಡಿ. ನಾಲ್ಕು ವರ್ಷಕ್ಕೆ ಹೆಚ್ಚಿನ ಮಕ್ಕಳು ಮೂರು ಅಡಿ ದಾಟಿರುತ್ತಾರೆ. ದಾಟಿದ್ದರೆ ಪೂರ್ತಿ ಟಿಕೆಟ್, ಮೆಟ್ರೋದಲ್ಲಿ ಅರ್ಧ ಟಿಕೆಟ್ ಇಲ್ಲ. 2025ರ ಫೆಬ್ರವರಿಯ ಏರಿಕೆಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ನಿಮ್ಮ ದೂರಕ್ಕೆ ಆ ಗರಿಷ್ಠ ದರವೇ ಬರುತ್ತದೆ. ಅಂದರೆ ಇಬ್ಬರಿಗೂ ಸೇರಿ ಒಂದು ಕಡೆಗೆ 180. ಕಡಿಮೆ ಏನಲ್ಲ, ಆದರೂ ಕ್ಯಾಬ್‌ಗಿಂತ ಎಷ್ಟೋ ವಾಸಿ.

ಫೋನಿನಲ್ಲೇ ಕ್ಯೂಆರ್ ಟಿಕೆಟ್ ತಗೊಳ್ಳಿ. ಒಂದೇ ಕ್ಯೂಆರ್‌ನಲ್ಲಿ ಆರು ಜನರವರೆಗೆ ಹೋಗಬಹುದು. ಮಗು ಎತ್ತಿಕೊಂಡು ಕ್ಯೂನಲ್ಲಿ ನಿಲ್ಲೋದು ತಪ್ಪುತ್ತದೆ.

ವಿಜಯನಗರ ನಿತ್ಯ ಪ್ರಯಾಣಿಕ:
ಗೇಟ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮಾಮೂಲಿ ಗೇಟ್‌ಗಳಲ್ಲಿ ರೆಕ್ಕೆ ತೆರೆದು ಬೇಗ ಮುಚ್ಚುತ್ತವೆ. ಪಕ್ಕದಲ್ಲಿ ಗಾಲಿಕುರ್ಚಿಯವರಿಗೆಂದು ಒಂದು ಅಗಲದ ಗೇಟ್ ಇರುತ್ತದೆ. ಮಕ್ಕಳಿರುವವರು ಅದರಲ್ಲೇ ಹೋಗಿ, ಅಲ್ಲಿರುವ ಸಿಬ್ಬಂದಿಗೆ ಹೇಳಿದರೆ ಸಾಕು. ಮಗನನ್ನು ನಿಮ್ಮ ಮುಂದೆ ಬಿಡಿ, ಹಿಂದೆ ಬಿಡಬೇಡಿ.

ಇನ್ನೊಂದು, ನಿಲ್ದಾಣದಲ್ಲಿ ಲಿಫ್ಟ್ ಇದ್ದೇ ಇರುತ್ತದೆ, ಆದರೆ ಎಲ್ಲ ಪ್ರವೇಶ ದ್ವಾರಕ್ಕೂ ಇರೋದಿಲ್ಲ. ರಸ್ತೆಯ ಯಾವ ಬದಿಯಲ್ಲಿ ಲಿಫ್ಟ್ ಇದೆ ಅಂತ ಒಂದು ದಿನ ನೀವೊಬ್ಬರೇ ಹೋಗಿ ನೋಡಿಟ್ಟುಕೊಳ್ಳಿ. ಆಟೋದವರಿಗೂ ಅದೇ ಬದಿಗೆ ಬಿಡಲು ಹೇಳಿ. ಮೈಸೂರು ರಸ್ತೆಯನ್ನು ಇಬ್ಬರು ಮಕ್ಕಳ ಜೊತೆ ದಾಟೋದು ಮಾತ್ರ ಬೇಡವೇ ಬೇಡ.

ಹೆಬ್ಬಾಳದ ಸ್ಟ್ರೋಲರ್ ಅಮ್ಮ:
ಸ್ಟ್ರೋಲರ್ ತಗೊಂಡು ಹೋಗಿ ಅಂತೀನಿ ನಾನು. ಹತ್ತು ತಿಂಗಳ ಮಗುವನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಎದೆಗೆ ಕಟ್ಟಿಕೊಂಡು ನಿಂತರೆ ಸೊಂಟ ಬಿದ್ದುಹೋಗುತ್ತದೆ. ನಿಲ್ದಾಣದೊಳಗೆ ನೆಲ ನುಣುಪಾಗಿದೆ, ಲಿಫ್ಟ್ ಇದೆ. ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಹಳಿಯ ಕಡೆ ಮುಖ ಮಾಡಿ ನಿಲ್ಲಿಸಬೇಡಿ. ಹಳಿಗೆ ಸಮಾನಾಂತರವಾಗಿ ನಿಲ್ಲಿಸಿ ಬ್ರೇಕ್ ಹಾಕಿ. ಹಾಗೆ ನಿಲ್ಲಿಸಿದರೆ ಕೈ ಜಾರಿದರೂ ಅಂಚಿನ ಕಡೆ ಉರುಳೋದಿಲ್ಲ.

ಮಗಳ ಅಪ್ಪ, ಬನಶಂಕರಿ:
ಮೇಡಂ, ನಿಲ್ದಾಣದೊಳಗೆ ಸರಿ, ಹೊರಗೆ? ನಮ್ಮ ಫುಟ್‌ಪಾತ್ ಮೇಲೆ ಸ್ಟ್ರೋಲರ್ ತಳ್ಳಿ ನೋಡಿ. ಒಂದು ಕಡೆ ಚಪ್ಪಡಿ ಎದ್ದಿರುತ್ತದೆ, ಮುಂದೆ ಟ್ರಾನ್ಸ್‌ಫಾರ್ಮರ್, ಅದರಾಚೆ ಬೈಕು. ಕೊನೆಗೆ ರಸ್ತೆಗೇ ಇಳಿಯಬೇಕು. ಎಂ.ಜಿ. ರಸ್ತೆಯಲ್ಲಿ ಇಳಿದು ಚರ್ಚ್ ಸ್ಟ್ರೀಟ್ ಕಡೆ ಹೋಗುವುದಾದರೆ ಸ್ಟ್ರೋಲರ್ ಆರಾಮ, ಅಲ್ಲಿ ನೆಲ ಚೆನ್ನಾಗಿ ಮಾಡಿದ್ದಾರೆ. ಉಳಿದ ಕಡೆ ನನ್ನ ಮಟ್ಟಿಗೆ ಬೇಬಿ ಕ್ಯಾರಿಯರ್ರೇ ಸರಿ. ಒಂದು ಕೈ ದೊಡ್ಡ ಮಗುವಿಗೆ ಅಂತ ಖಾಲಿ ಇರಬೇಕು. ಸ್ಟ್ರೋಲರ್ ತಳ್ಳುತ್ತಾ ನಾಲ್ಕು ವರ್ಷದ ಹುಡುಗನ ಕೈ ಹಿಡಿಯೋದು ಒಬ್ಬರಿಂದ ಆಗೋದಿಲ್ಲ.

ಹೆಬ್ಬಾಳದ ಸ್ಟ್ರೋಲರ್ ಅಮ್ಮ:
ಇಬ್ಬರು ಮಕ್ಕಳಿದ್ದಾಗ ಕೈ ಸಾಲದು ಅನ್ನೋದು ನಿಜ, ಒಪ್ಪಿದೆ. ನನಗೆ ಒಂದೇ ಮಗು. ಆದರೆ ಫುಟ್‌ಪಾತ್ ಹಾಳಾಗಿದೆ ಅಂತ ನಾವೇ ಸ್ಟ್ರೋಲರ್ ಬಿಟ್ಟುಬಿಟ್ಟರೆ, ಗಾಲಿಕುರ್ಚಿಯವರು ಏನು ಮಾಡಬೇಕು? ಮೆಟ್ರೋಗೆ ಇಷ್ಟು ಖರ್ಚು ಮಾಡುತ್ತೇವೆ, ನಿಲ್ದಾಣದಿಂದ ಮನೆವರೆಗಿನ ಅರ್ಧ ಕಿಲೋಮೀಟರ್ ಬಗ್ಗೆ ಯಾರೂ ಯೋಚಿಸೋದಿಲ್ಲ. ಇದನ್ನು ನಮ್ಮಂಥ ಅಪ್ಪ ಅಮ್ಮಂದಿರು ಕೇಳದೆ ಇನ್ಯಾರು ಕೇಳಬೇಕು? ನಮ್ಮ ಬಡಾವಣೆಯಲ್ಲಿ ನಾನು ಫೋಟೋ ತೆಗೆದು ದೂರು ಕೊಡುತ್ತಲೇ ಇರುತ್ತೇನೆ. ನೀವೂ ಕೊಡಿ.

ಮಲ್ಲೇಶ್ವರದ ಅಜ್ಜಿ:
ಮಗೂ, ಹಳೇ ಮೆತ್ತನೆ ಹತ್ತಿ ಸೀರೆಯಲ್ಲಿ ಜೋಳಿಗೆ ಹಾಗೆ ಕಟ್ಟಿಕೊಂಡು ನಾವು ಇಡೀ ಊರು ತಿರುಗಿದ್ದೇವೆ. ಈಗ ಅದನ್ನೇ ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಡುತ್ತಾರೆ. ಯಾವುದಾದರೂ ಸರಿ, ಮಗುವಿನ ಮುಖ ನಿನಗೆ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿಕೊಂಡಿರಬಾರದು, ಮೂಗಿಗೆ ಗಾಳಿ ಬರಬೇಕು.

ಆಮೇಲೆ ಬಸ್ಸು ಮರೀಬೇಡಿ ಕಣ್ರಮ್ಮ. ನಮ್ಮ ಬಸ್ಸಲ್ಲಿ ನಿಂತ ಹೆಂಗಸಿನ ಕೈಲಿ ಮಗು ಇದ್ದರೆ ಕೂತವರು "ಇಲ್ಲಿ ಕೊಡಮ್ಮ" ಅಂತ ಕೈ ಚಾಚೋರು. ಸೀಟು ಬಿಡೋಕೆ ಆಗದ ಮುದುಕಿಯರೂ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳೋರು. ಈಗಲೂ ಆ ಗುಣ ಪೂರ್ತಿ ಹೋಗಿಲ್ಲ.

ಮಗಳ ಅಪ್ಪ, ಬನಶಂಕರಿ:
ಅಜ್ಜಿ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಗುರುತಿಲ್ಲದವರ ಕೈಗೆ ಮಗು ಕೊಡೋಕೆ ಈಗಿನವರಿಗೆ ಧೈರ್ಯ ಬರೋದಿಲ್ಲ. ನನಗಂತೂ ಇಲ್ಲ.

ಡಿಪೋದಿಂದ ಕಂಡಕ್ಟರ್:
ಹದಿನೈದು ವರ್ಷಕ್ಕೂ ಮೇಲಾಯಿತು ಬಿಎಂಟಿಸಿಯಲ್ಲಿ. ಅಜ್ಜಿ ಹೇಳಿದ್ದು ಈಗಲೂ ದಿನಾ ನೋಡ್ತೀನಿ. ಕೊಡೋದು ಬಿಡೋದು ತಾಯಿಗೆ ಬಿಟ್ಟದ್ದು. ಕೊಟ್ಟರೆ ನಿಮ್ಮ ಕೈಗೆಟುಕುವ ಸೀಟಿನಲ್ಲೇ ಇರಲಿ. ಹಿಂದಿನ ಸೀಟಿಗೆ, ನಾಲ್ಕು ಜನ ದಾಟಿದ ಮೇಲಿನ ಸೀಟಿಗೆ ಕಳಿಸಬೇಡಿ. ಇಳಿಯುವಾಗ ನೂಕುನುಗ್ಗಲು ಇರುತ್ತದೆ.

ಕೆಲವು ವಿಷಯ ಹೇಳ್ತೀನಿ, ನಮ್ಮ ಕಡೆಯಿಂದ ಕಂಡದ್ದು.

ಆರು ವರ್ಷದವರೆಗೆ ಮಕ್ಕಳಿಗೆ ಟಿಕೆಟ್ ಇಲ್ಲ. ಆರರಿಂದ ಹನ್ನೆರಡರವರೆಗೆ ಅರ್ಧ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಲ್ಲಿ ಉಚಿತ. ಆದರೂ ಶೂನ್ಯ ಟಿಕೆಟ್ ಇಸ್ಕೊಳ್ಳಿ, ಗುರುತಿನ ಚೀಟಿ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ. ವಜ್ರ, ವಾಯುವಜ್ರದಂಥ ಎ.ಸಿ. ಬಸ್ಸುಗಳಿಗೆ ಇದು ಇಲ್ಲ.

ಹತ್ತುವಾಗ ಮುಂದಿನ ಬಾಗಿಲಲ್ಲಿ ಹತ್ತಿ, ಡ್ರೈವರ್ ಕಣ್ಣಿಗೆ ಬೀಳ್ತೀರಿ. ಇಳಿಯೋ ಸ್ಟಾಪಿನ ಹಿಂದಿನ ಸ್ಟಾಪಲ್ಲೇ "ಮಕ್ಕಳಿದ್ದಾರೆ, ಇಳೀಬೇಕು" ಅಂತ ಜೋರಾಗಿ ಹೇಳಿ. ಸಂಕೋಚ ಬೇಡ. ನಾವು ಹೋಲ್ಡಾನ್ ಹೇಳಿ ನಿಲ್ಲಿಸ್ತೀವಿ, ನೀವು ಪೂರ್ತಿ ಇಳಿಯುವವರೆಗೆ ರೈಟ್ ಹೇಳೋದಿಲ್ಲ. ಹೇಳದೆ ಹಾಗೇ ಎದ್ದು ಬಂದರೆ ಜನರ ಮಧ್ಯೆ ನಮಗೆ ಕಾಣಿಸೋದಿಲ್ಲ.

ಕೂರುವ ಜಾಗ ಮುಖ್ಯ. ಕಡೇ ಸಾಲು ಬೇಡ, ಹಂಪ್ ಬಂದಾಗ ಮಕ್ಕಳು ಎಗರುತ್ತಾರೆ. ಎಂಜಿನ್ ಮುಂದಿರುವ ಹಳೇ ಗಾಡಿಗಳಲ್ಲಿ ಎಂಜಿನ್ ಪಕ್ಕದ ಸೀಟು ಬೇಸಿಗೆಯಲ್ಲಿ ಸುಡುತ್ತದೆ. ಎರಡು ಚಕ್ರದ ನಡುವಿನ ಸೀಟು ಒಳ್ಳೇದು. ಕಿಟಕಿ ಪಕ್ಕ ಮಗು ಕೂತರೆ ಕೈ ಹೊರಗೆ ಬಿಡದ ಹಾಗೆ ನೋಡಿ. ಪಕ್ಕದ ಗಾಡಿ ಎಷ್ಟು ಹತ್ತಿರ ಬರುತ್ತೆ ಅಂತ ಒಳಗೆ ಕೂತವರಿಗೆ ಅಂದಾಜಾಗೋದಿಲ್ಲ.

ವಿಜಯನಗರ ನಿತ್ಯ ಪ್ರಯಾಣಿಕ:
ಕಂಡಕ್ಟರ್ ಸರ್, ತುಂಬಾ ಉಪಯೋಗ ಆಯಿತು. ಹೊಸ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ನೆಲ ತಗ್ಗಾಗಿರೋದನ್ನೂ ಹೇಳಬೇಕು. ಪುಟ್ಟ ಮಕ್ಕಳು ತಾವೇ ಹತ್ತುತ್ತಾರೆ. ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ಬಸ್ ಎಲ್ಲಿದೆ ಅಂತ ನೋಡಿಕೊಂಡು ಮನೆಯಿಂದ ಹೊರಟರೆ ಬಿಸಿಲಲ್ಲಿ ಕಾಯೋದೂ ತಪ್ಪುತ್ತದೆ.

ಹೊರಮಾವಿನ ಓದುಗ:
ಕ್ಷಮಿಸಿ, ಬೇರೆ ಮಾತು ಹೇಳ್ತೀನಿ. ಇಷ್ಟೆಲ್ಲ ಕಷ್ಟಪಟ್ಟು ಹಸುಗೂಸನ್ನು ಜನಜಂಗುಳಿಯಲ್ಲಿ ಯಾಕೆ ಕರ್ಕೊಂಡು ಹೋಗಬೇಕು? ಕೆಮ್ಮು, ಶೀತ ಎಲ್ಲ ಅಂಟುತ್ತದೆ. ವಾರಕ್ಕೊಮ್ಮೆ ಬದಲು ತಿಂಗಳಿಗೊಮ್ಮೆ ಕ್ಯಾಬ್‌ನಲ್ಲಿ ಹೋಗಲಿ.

ಮಕ್ಕಳ ವಾರ್ಡ್ ನರ್ಸ್:
ಜನಜಂಗುಳಿ ತಪ್ಪಿಸಬೇಕು ಅನ್ನೋದು ಸರಿ. ಅದಕ್ಕೆ ಹೊತ್ತು ನೋಡಿ ಹೊರಡಬೇಕು, ಮನೆಯಲ್ಲೇ ಕೂರೋದಲ್ಲ. ಬಾಣಂತನದಿಂದ ಹೊರಬಂದ ತಾಯಿಗೆ ಅಕ್ಕನ ಮನೆ ಎಷ್ಟು ಮುಖ್ಯ ಅಂತ ದಿನಾ ನೋಡ್ತೀನಿ. ಮಗುವಿಗೆ ಜ್ವರ, ಕೆಮ್ಮು ಇದ್ದ ದಿನ ಹೊರಡಬೇಡಿ. ಲಸಿಕೆ ಸಮಯಕ್ಕೆ ಹಾಕಿಸಿ. ಕಂಬಿ ಹಿಡಿದ ಕೈ ತೊಳೆಯದೆ ತಿನ್ನಿಸಬೇಡಿ.

ಇನ್ನು ಕ್ಯಾಬ್ ಅಂದ್ರಿ. ನಮ್ಮಲ್ಲಿ ಕ್ಯಾಬ್‌ಗಳಲ್ಲಿ ಮಕ್ಕಳ ಸೀಟು ಇರೋದು ಅಪರೂಪ. ಹತ್ತು ತಿಂಗಳ ಮಗು ಅಮ್ಮನ ತೊಡೆ ಮೇಲೆ, ಬೆಲ್ಟ್ ಇಲ್ಲದೆ. ಸ್ಕೂಟರ್‌ನಲ್ಲಿ ನಡುವೆ ಕೂರಿಸಿಕೊಂಡು ಹೋಗುವವರೂ ಇದ್ದಾರೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಸುರಕ್ಷತಾ ಪಟ್ಟಿ, ಹೆಲ್ಮೆಟ್ ಎರಡೂ ಕಡ್ಡಾಯ, ವೇಗ 40 ಕಿಲೋಮೀಟರ್ ದಾಟಬಾರದು ಅಂತ 2023ರಿಂದ ನಿಯಮವೇ ಇದೆ. ಎಷ್ಟು ಜನ ಪಾಲಿಸ್ತಾರೆ ಹೇಳಿ. ಗಾಯವಾಗಿ ಬರುವ ಮಕ್ಕಳನ್ನು ನೋಡಿದ ಮೇಲೆ ನಾನು ಮೆಟ್ರೋ, ಬಸ್ಸಿನ ಪರವೇ.

ವಾಂತಿ ಆಗುವ ಮಕ್ಕಳಿದ್ದರೆ ಹೊಟ್ಟೆ ತುಂಬಾ ತಿನ್ನಿಸಿ ಹೊರಡಬೇಡಿ, ಖಾಲಿ ಹೊಟ್ಟೆಯೂ ಬೇಡ. ಮುಂದಿನ ಕಡೆ ಕೂರಿಸಿ ದೂರಕ್ಕೆ ನೋಡಲು ಹೇಳಿ. ಫೋನ್ ಕೊಡಬೇಡಿ, ಬಗ್ಗಿ ನೋಡಿದರೆ ಇನ್ನೂ ಜಾಸ್ತಿ ಆಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ತೊಂದರೆ ಕಡಿಮೆ, ಮಗನ ಬಗ್ಗೆ ಮಾತ್ರ ಗಮನ ಇರಲಿ.

ಡೊಂಬಿವಲಿ ಕನ್ನಡತಿ:
ಮುಂಬೈಯಿಂದ ನಮಸ್ಕಾರ. ಇಲ್ಲಿ ಲೋಕಲ್ ರೈಲಿನಲ್ಲೇ ನನ್ನ ಎರಡೂ ಮಕ್ಕಳು ಬೆಳೆದರು. ಹೊತ್ತಿನ ವಿಷಯ ನರ್ಸ್ ಮೇಡಂ ಹೇಳಿದ್ದಕ್ಕೆ ನನ್ನದೂ ಸೇರಿಸಿ. ಇಲ್ಲಿ ಬೆಳಗ್ಗೆ ಜನ ಎಲ್ಲ ಊರಿನ ದಕ್ಷಿಣ ತುದಿಯ ಸಿಎಸ್‌ಎಂಟಿ ನಿಲ್ದಾಣದ ಕಡೆ ಹೋಗುತ್ತಾರೆ, ಎದುರು ದಿಕ್ಕಿನ ಗಾಡಿಯಲ್ಲಿ ಜಾಗ ಇರುತ್ತದೆ. ಮಕ್ಕಳಿದ್ದಾಗ ಕೆಲವೇ ಕಡೆ ನಿಲ್ಲುವ ಫಾಸ್ಟ್ ಗಾಡಿ ಬಿಟ್ಟು ಎಲ್ಲ ಕಡೆ ನಿಲ್ಲುವ ಸ್ಲೋ ಹಿಡೀತೀವಿ. ಹೆಂಗಸರ ಡಬ್ಬಿಯಲ್ಲಿ ಹನ್ನೆರಡು ವರ್ಷದೊಳಗಿನ ಗಂಡುಮಕ್ಕಳನ್ನೂ ಕರ್ಕೊಂಡು ಹೋಗಬಹುದು. ಗಾಡಿ ನಿಲ್ಲೋದು ಕ್ಷಣ ಹೊತ್ತು, ಹಾಗಾಗಿ ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲ ಹತ್ತಿರ ಬರೋದು ಇಲ್ಲಿನ ಮಕ್ಕಳಿಗೂ ಗೊತ್ತು.

ನಾವು ಮಕ್ಕಳಿಗೆ ಕಲಿಸಿದ್ದು ಒಂದೇ ಪಾಠ. ನೀನು ಒಳಗೆ, ನಾನು ಹೊರಗೆ ಆಗಿಬಿಟ್ಟರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಲ್ಲು, ಕದಲಬೇಡ. ನೀನು ಹೊರಗೆ, ನಾನು ಒಳಗೆ ಆದರೆ ಇದ್ದಲ್ಲೇ ಇರು, ನಾನೇ ಬರ್ತೀನಿ. ಮನೆಯಲ್ಲಿ ಆಟದ ಹಾಗೆ ಆಡಿಸಿ ಆಡಿಸಿ ಕಲಿಸಿದೆವು.

ಜಯನಗರದ ಇಬ್ಬರು ಮಕ್ಕಳ ಅಮ್ಮ:
ಇದು ತುಂಬಾ ಒಳ್ಳೇ ಪಾಠ. ನಾಲ್ಕು ವರ್ಷದವನಿಗೆ "ಸಮವಸ್ತ್ರ ಹಾಕಿದ ಅಂಕಲ್, ಆಂಟಿ ಹತ್ತಿರ ಹೋಗು" ಅಂತಲೂ ಹೇಳಿಕೊಡಿ. ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ, ಹೆಸರು ಮಾತ್ರ ಹೊರಗೆ ಕಾಣುವ ಹಾಗೆ ಬರೆಯಬೇಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಎರಡೂ ಫೋನಿನಲ್ಲಿ ಇರಲಿ.

ನಮ್ಮ ಮೆಟ್ರೋದಲ್ಲೂ ಹೆಂಗಸರಿಗೆ ಮೊದಲ ಬೋಗಿ ಇದೆ. ಮಗನನ್ನೂ ಕರ್ಕೊಂಡು ಅಲ್ಲೇ ಹತ್ತಿ. ಮಗಳಿಗೆ ಹಾಲು ಕೊಡೋಕೆ ಅಲ್ಲಿ ಮೂಲೆಯ ಸೀಟು ಸಿಕ್ಕರೆ ಒಂದು ದುಪಟ್ಟಾ ಸಾಕು. ರೈಲಿನಲ್ಲಿ ತಿಂಡಿ ತಿನ್ನಬಾರದು ಅಂತ ನಿಯಮ ಇದೆ, ಆದರೆ ತಾಯಿ ಮಗುವಿಗೆ ಎದೆಹಾಲು ಕೊಡೋದನ್ನು ಯಾರೂ ಬೇಡ ಅಂದಿದ್ದು ನಾನು ಕಂಡಿಲ್ಲ. ಮಗನಿಗೆ ಮಾತ್ರ ಹತ್ತುವ ಮೊದಲೇ ಬಾಳೆಹಣ್ಣೋ ಚಪಾತಿಯೋ ತಿನ್ನಿಸಿಬಿಡಿ.

ಸೀಟು ಸಿಗದಿದ್ದರೆ ಬಾಯಿ ಬಿಟ್ಟು ಕೇಳಿ. "ಮಗು ಇದೆ, ಸ್ವಲ್ಪ ಜಾಗ ಕೊಡ್ತೀರಾ?" ಅಂದರೆ ಸಾಕು. ಜನ ಕೆಟ್ಟವರಲ್ಲ, ಫೋನಿನಲ್ಲಿ ತಲೆ ಹುದುಗಿಸಿರುತ್ತಾರೆ ಅಷ್ಟೇ. ಕೇಳಿದರೆ ಎದ್ದೇಳುತ್ತಾರೆ.

ಮಗಳ ಅಪ್ಪ, ಬನಶಂಕರಿ:
ಮೊದಲ ಬೋಗಿ ಅಮ್ಮಂದಿರಿಗೆ ಸರಿ. ನನ್ನಂಥ ಅಪ್ಪಂದಿರ ಕಷ್ಟವನ್ನೂ ಕೇಳಿ. ನನ್ನ ಐದು ವರ್ಷದ ಮಗಳಿಗೆ ಟಾಯ್ಲೆಟ್‌ಗೆ ಹೋಗಬೇಕೆಂದರೆ ಗಂಡಸರದಕ್ಕೆ ಕರ್ಕೊಂಡು ಹೋಗಲಾ, ಹೆಂಗಸರದಕ್ಕೆ ಒಬ್ಬಳನ್ನೇ ಕಳಿಸಲಾ? ಡಯಾಪರ್ ಬದಲಿಸುವ ಹಲಗೆ ಇದ್ದರೂ ಅದು ಹೆಂಗಸರ ಕಡೆ ಮಾತ್ರ. ಅಂಗವಿಕಲರ ಶೌಚಾಲಯ ಬಳಸಬಹುದಾ ಅಂತ ಒಂದು ನಿಲ್ದಾಣದಲ್ಲಿ ಕೇಳಿದಾಗ ಸಿಬ್ಬಂದಿ ಬೀಗ ತೆಗೆಸಿಕೊಟ್ಟರು, ಇನ್ನೊಂದರಲ್ಲಿ ಬೀಗದ ಕೈ ಯಾರ ಹತ್ತಿರ ಇದೆ ಅಂತಲೇ ಗೊತ್ತಿರಲಿಲ್ಲ. ಅಪ್ಪನೂ ಮಗು ನೋಡಿಕೊಳ್ಳುತ್ತಾನೆ ಅಂತ ನಿಲ್ದಾಣ ಕಟ್ಟುವವರು ಯೋಚಿಸಬೇಕು. ಕುಟುಂಬಕ್ಕೆ ಅಂತ ಒಂದು ಬೇರೆ ಕೋಣೆ ಇಟ್ಟರೆ ಎಷ್ಟು ಜನಕ್ಕೆ ಅನುಕೂಲ ಅಲ್ವಾ?

ಲಂಡನ್ ಕನ್ನಡಿಗ:
ಸರ್, ನಿಮ್ಮ ಮಾತು ನೂರಕ್ಕೆ ನೂರು ನಿಜ. ಇಲ್ಲಿ ಬಸ್ಸಿನಲ್ಲಿ ಸ್ಟ್ರೋಲರ್ ಮಡಿಸದೆ ನಿಲ್ಲಿಸಲು ಜಾಗ ಇದೆ. ಗಾಲಿಕುರ್ಚಿಯವರು ಬಂದರೆ ನಾವು ಮಡಿಸಿ ಜಾಗ ಬಿಡಬೇಕು, ಅದು ನಿಯಮ. ಐದು ವರ್ಷದೊಳಗಿನವರಿಗೆ ಟ್ಯೂಬ್ (ಇಲ್ಲಿನ ಮೆಟ್ರೋ), ಬಸ್ಸು ಎರಡೂ ಉಚಿತ. ಆದರೆ ಹಳೇ ಟ್ಯೂಬ್ ನಿಲ್ದಾಣಗಳಲ್ಲಿ ಎಷ್ಟೋ ಕಡೆ ಲಿಫ್ಟೇ ಇಲ್ಲ. ಸ್ಟ್ರೋಲರ್ ಎತ್ತಿಕೊಂಡು ಮೆಟ್ಟಿಲು ಇಳೀತೀವಿ. ಆ ವಿಷಯದಲ್ಲಿ ನಮ್ಮ ಮೆಟ್ರೋ ಚೆನ್ನಾಗಿದೆ. ರಜೆಗೆ ಊರಿಗೆ ಬಂದಾಗ ನನ್ನ ಹೆಂಡತಿ ಇದನ್ನೇ ಹೇಳುತ್ತಿರುತ್ತಾಳೆ.

ವಿಜಯನಗರ ನಿತ್ಯ ಪ್ರಯಾಣಿಕ:
ಯಾರೂ ಹೇಳಿಲ್ಲ, ಹಾಗಾಗಿ ಹೇಳಲೇಬೇಕು. ಪ್ಲಾಟ್‌ಫಾರ್ಮಿನ ಹಳದಿ ಗೆರೆ ಸುಮ್ನೆ ಎಳೆದದ್ದಲ್ಲ. ನಮ್ಮ ಮೆಟ್ರೋಗೆ ಮೇಲೆ ತಂತಿ ಇಲ್ಲ. ಹಳಿ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಕರೆಂಟ್ ಹರಿಯುತ್ತದೆ. 2024ರ ಆಗಸ್ಟ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ನಾಲ್ಕು ವರ್ಷದ ಹುಡುಗ ಹಳಿಗೆ ಬಿದ್ದಿದ್ದ. ಸಿಬ್ಬಂದಿ ತಕ್ಷಣ ಕರೆಂಟ್ ಕಡಿತ ಮಾಡಿದ್ದರಿಂದ ಮಗು ಉಳಿಯಿತು. ಚಪ್ಪಲಿ, ಆಟಿಕೆ, ಫೋನ್ ಏನೇ ಬಿದ್ದರೂ ನೀವು ಇಳಿಯಬೇಡಿ, ಸಿಬ್ಬಂದಿಗೆ ಹೇಳಿ. ಮಗುವೇ ಬಿದ್ದರೆ ಜೋರಾಗಿ ಕೂಗಿ, ಪ್ಲಾಟ್‌ಫಾರ್ಮಿನಲ್ಲಿರುವ ತುರ್ತು ಬಟನ್ ಒತ್ತಿಸಿ. ಆ ಬಟನ್ ಎಲ್ಲಿದೆ ಅಂತ ರೈಲಿಗೆ ಕಾಯುವಾಗ ಒಮ್ಮೆ ಕಣ್ಣು ಹಾಯಿಸಿ ನೋಡಿಕೊಳ್ಳಿ. ರೈಲು ಬರುವವರೆಗೆ ಗೋಡೆ ಕಡೆಯ ಬೆಂಚಿನಲ್ಲಿ ಕೂತಿರಿ.

ಎಸ್ಕಲೇಟರ್‌ನಲ್ಲಿ ಮೆತ್ತನೆ ರಬ್ಬರ್ ಚಪ್ಪಲಿ ಹಾಕಿದ ಮಕ್ಕಳ ಕಾಲು ಅಂಚಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಮಗನನ್ನು ಮೆಟ್ಟಿಲಿನ ನಡುವೆ ನಿಲ್ಲಿಸಿ, ನಿಮ್ಮ ದುಪಟ್ಟಾ ಸುತ್ತಿ ಕಟ್ಟಿಕೊಳ್ಳಿ. ಇಬ್ಬರಿದ್ದಾಗ ಲಿಫ್ಟೇ ಮೇಲು.

ಆರ್‌ಆರ್ ನಗರಕ್ಕೆ ಹೊಸಬಳು:
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮಗನನ್ನು ಅಳೆದೆ, ಮೂರು ಅಡಿ ದಾಟಿ ನಾಲ್ಕು ಬೆರಳು ಮೇಲಿದ್ದಾನೆ. ಟಿಕೆಟ್ ತಗೊಳ್ತೀನಿ. ಸ್ಟ್ರೋಲರ್ ಮನೆಯಲ್ಲೇ ಬಿಟ್ಟು ಕ್ಯಾರಿಯರ್‌ನಲ್ಲಿ ಮಗಳನ್ನು ಕರ್ಕೊಂಡು ಹೋಗೋದು ಅಂತ ತೀರ್ಮಾನ ಮಾಡಿದೆ. ಶನಿವಾರ ಹನ್ನೊಂದು ಗಂಟೆ ಹೊತ್ತಿಗೆ ಹೊರಡೋದು ಸರಿಯಾ? ವಾಪಸ್ ಭಾನುವಾರ ಬೆಳಗ್ಗೆ ಬೇಗ ಹೊರಡಬೇಕು ಅಂದುಕೊಂಡಿದ್ದೇನೆ. ಒಂದು ಗಂಟೆ ಹೊತ್ತು ಮಗನನ್ನು ಫೋನ್ ಕೊಡದೆ ಕೂರಿಸೋದು ಹೇಗೆ?

ಜಯನಗರದ ಇಬ್ಬರು ಮಕ್ಕಳ ಅಮ್ಮ:
ಹನ್ನೊಂದು ಒಳ್ಳೇ ಹೊತ್ತು, ಆಫೀಸಿನ ನೂಕುನುಗ್ಗಲು ಮುಗಿದಿರುತ್ತದೆ. ಭಾನುವಾರ ಮಾತ್ರ ಮೆಟ್ರೋ ಶುರುವಾಗೋದೇ ಏಳಕ್ಕೆ, ಬೇರೆ ದಿನದ ಹಾಗೆ ಐದಕ್ಕಲ್ಲ. ಅದು ನೆನಪಿರಲಿ.

ಮಗನಿಗೆ ನಿಲ್ದಾಣಗಳ ಹೆಸರು ಎಣಿಸೋದೇ ಆಟ. ಮಾಗಡಿ ರಸ್ತೆ ದಾಟಿದ ಮೇಲೆ ರೈಲು ಸುರಂಗಕ್ಕೆ ಇಳಿಯುತ್ತದೆ. ಐದು ನಿಲ್ದಾಣ ನೆಲದೊಳಗೆ, ಕಬ್ಬನ್ ಪಾರ್ಕ್ ಆದ ಮೇಲೆ ಮತ್ತೆ ಮೇಲೆ ಬಂದು ಎಂ.ಜಿ. ರಸ್ತೆ. "ಈಗ ಕತ್ತಲೆ ಬರುತ್ತೆ ನೋಡು" ಅಂತ ಮೊದಲೇ ಹೇಳಿದರೆ ಕಾಯುತ್ತಾ ಕೂರುತ್ತಾನೆ. ಆಚೆ ತುದಿಯಲ್ಲಿ ಕಾಡುಗೋಡಿ ಹತ್ತಿರ ಬಂತು ಅನ್ನೋದಕ್ಕೆ ಹೋಪ್‌ಫಾರ್ಮ್ ಚನ್ನಸಂದ್ರ ಗುರುತು ಇಟ್ಟುಕೊಳ್ಳಲಿ, ಅದಾದ ಮೇಲಿನದೇ ಕೊನೇ ನಿಲ್ದಾಣ. ಕೊನೇ ನಿಲ್ದಾಣ ಆದ್ದರಿಂದ ಇಳಿಯೋಕೆ ಅವಸರವೂ ಇಲ್ಲ.

ಮಲ್ಲೇಶ್ವರದ ಅಜ್ಜಿ:
ಒಂದು ದಿನ ಕಬ್ಬನ್ ಪಾರ್ಕಲ್ಲಿ ಇಳಿಸಮ್ಮ ಹುಡುಗನ್ನ. ಬಾಲಭವನದಲ್ಲಿ ಪುಟಾಣಿ ರೈಲಿದೆ, ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಆದರೆ ಅದು ಅಕ್ಕನ ಮನೆಗೆ ಹೋಗೋ ದಿನ ಬೇಡ, ಬೇರೆ ದಿನ ಮಾಡು. ಎರಡನ್ನೂ ಒಂದೇ ದಿನ ಮಾಡಿದರೆ ಮಕ್ಕಳೂ ಸುಸ್ತು, ನೀನೂ ಸುಸ್ತು.

ಡಿಪೋದಿಂದ ಕಂಡಕ್ಟರ್:
ಮೇಡಂ, ಮನೆಯಿಂದ ಮೆಟ್ರೋವರೆಗೆ ನಮ್ಮ ಫೀಡರ್ ಬಸ್ ಇದೆಯಾ ಅಂತ ಆ್ಯಪ್‌ನಲ್ಲಿ ನೋಡಿ. ಇದ್ದರೆ ಆಟೋ ಖರ್ಚೂ ಉಳಿಯುತ್ತೆ. ಹತ್ತುವಾಗ ದೊಡ್ಡವನನ್ನು ಮೊದಲು ಹತ್ತಿಸಿ, ಅವನ ಕೈ ಬಿಡದೆ ಹಿಂದೆಯೇ ನೀವು ಹತ್ತಿ. ಇಳಿಯುವಾಗ ನೀವು ಮೊದಲು ಇಳಿದು ನಿಂತು, ಆಮೇಲೆ ಅವನನ್ನು ಇಳಿಸಿಕೊಳ್ಳಿ. ಅಷ್ಟು ಹೊತ್ತು ಬಸ್ಸು ನಿಂತೇ ಇರುತ್ತೆ.